ಇಡ್ಲಾ, ಇಡು

ನನ್ನ ಅಕ್ಕನಿಗೆ ಕಿವಿ ಕೇಳುತ್ತಿರಲಿಲ್ಲ. ಆದರೂ ಹಲಸೂರಿನ ನಮ್ಮ ಬೀದಿಯಲ್ಲಿ ಅವಳಷ್ಟು ಹೊತ್ತು ಫೋನಿನಲ್ಲಿ ಮಾತಾಡುತ್ತಿದ್ದವರು ಇನ್ನೊಬ್ಬರಿರಲಿಲ್ಲ. ಹೀಗೆಂದರೆ ಜನ ನನ್ನನ್ನು ಒಂದು ಥರ ನೋಡುತ್ತಾರೆ. ನೋಡಲಿ. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವನು ನಾನು. ‘ಲೈನ್‌ಮ್ಯಾನ್ ಆಗ್ಲೇ ಹೊರಟಿದ್ದಾನೆ ಸಾರ್’ ಎಂದು ಕುರ್ಚಿಯಿಂದ ಏಳದೆಯೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ಇದು ಅಂಥ ಮಾತಲ್ಲ. ಅಕ್ಕ ಹೋಗಿ ಎಂಟು ತಿಂಗಳಾಯಿತು. ಅವಳಿಗೆ ಫೋನು ಕೊಟ್ಟವನು ನಾನು, ಕಿತ್ತುಕೊಂಡವನೂ ನಾನೇ. ಅದನ್ನು ಒಂದು ಸಲ ಬರೆದುಬಿಡಬೇಕು ಅನ್ನಿಸಿದೆ.

ಎರಡು ವರ್ಷದ ಮಗುವಾಗಿದ್ದಾಗ ಬಂದ ಜ್ವರದಲ್ಲಿ ಅವಳ ಕಿವಿ ಹೋಯಿತಂತೆ. ನಾನು ಹುಟ್ಟಿದ್ದು ಅದಾದ ಮೇಲೆ, ಹಾಗಾಗಿ ನನಗೆ ಮಾತಿಗಿಂತ ಮೊದಲು ಕೈಸನ್ನೆ ಬಂತು ಎಂದು ಅಮ್ಮ ಹೇಳುತ್ತಿದ್ದಳು. ನಮ್ಮ ಬೀದಿಯಲ್ಲಿ ಒಂದು ಮನೆ ಕನ್ನಡ, ಪಕ್ಕದ್ದು ತಮಿಳು, ಮೂಲೆಯದು ದಖನಿ. ಒಬ್ಬರು ಅವಳನ್ನು ಮೂಗಿ ಅಂದರೆ ಇನ್ನೊಬ್ಬರು ಊಮೈ ಅನ್ನುತ್ತಿದ್ದರು, ಮತ್ತೊಬ್ಬರು ಗೂಂಗಿ. ಅವಳಿಗೆ ಮೂರೂ ಗೊತ್ತಾಗುತ್ತಿತ್ತು, ತುಟಿ ನೋಡಿ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅಕ್ಕನಿಗೆ ಮಾತು ಬರುತ್ತಿರಲಿಲ್ಲ, ಜಗಳ ಮಾತ್ರ ಬಹಳ ಚೆನ್ನಾಗಿ ಬರುತ್ತಿತ್ತು. ಕೈಯಲ್ಲಿ ಬಯ್ಯುವಷ್ಟು ಬೈದು, ನಾವು ಉತ್ತರ ಕೊಡುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ಅವಳು ಕಣ್ಣು ಮುಚ್ಚಿದರೆ ಮುಗಿಯಿತು, ನಮ್ಮ ಮಾತಿಗೆ ಬೇರೆ ದಾರಿಯಿಲ್ಲ.

ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಒಂದು ಪ್ರೆಸ್ಸಿನಲ್ಲಿ ಅವಳಿಗೆ ಟೈಪಿಂಗ್ ಕೆಲಸ ಸಿಕ್ಕಿತು. ಸಾಲು ಮುಗಿಯುವಾಗ ಟೈಪ್‌ರೈಟರಿನ ಗಂಟೆ ಹೊಡೆಯುತ್ತದಲ್ಲ, ಅದು ಅವಳಿಗೆ ಬೆರಳಿನ ತುದಿಯಲ್ಲಿ ತಿಳಿಯುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಹೆದರಿದರು, ಇವಳು ಒಂದು ವಾರದಲ್ಲಿ ಅದನ್ನೂ ಬಡಿದು ಪಳಗಿಸಿದಳು. ಮದುವೆಯಾದದ್ದು ಅವಳ ಹಾಗೆಯೇ ಕಿವಿ ಕೇಳದ ಒಬ್ಬರನ್ನು. ಭಾವ ಕಮರ್ಷಿಯಲ್ ಸ್ಟ್ರೀಟಿನ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಅಷ್ಟು ಸಾಧುವಾದ ಮನುಷ್ಯನಿಗೆ ಕತ್ತರಿ ಕೊಟ್ಟವರು ಯಾರೋ ಎಂದು ನಾನು ತಮಾಷೆ ಮಾಡುತ್ತಿದ್ದೆ.

ಅಕ್ಕ, ಭಾವ ಹಲಸೂರಿನಲ್ಲೇ ಉಳಿದರು. ನಾನು ಮದುವೆಯಾದ ಮೇಲೆ ಕೆ.ಆರ್. ಪುರದಲ್ಲಿ ಮನೆ ಕಟ್ಟಿದೆ. ಈಗ ಹೇಳಿದರೆ ನಗು ಬರುತ್ತದೆ, ಆಗ ಅದು ಊರು ಬಿಟ್ಟು ಹೋದ ಹಾಗೆ. ಒಂದು ದಿನ ಅಕ್ಕ ನನ್ನೆದುರು ಕೂತು ಕೈಯಲ್ಲಿ ಹೇಳಿದಳು: ‘ಊರಿಗೆಲ್ಲ ಫೋನ್ ಕೊಡ್ತೀಯ. ಊರವರ ಫೋನ್ ಕೆಟ್ರೆ ರಿಪೇರಿ ಮಾಡ್ತೀಯ. ನಾನೇನು ಪಾಪ ಮಾಡಿದ್ದೆ?’

ಅವಳು ತಮಾಷೆಗೆ ಹೇಳಿರಲಿಲ್ಲ. ನಾನು ಒಂದು ವಾರ ತಲೆ ಕೆಡಿಸಿಕೊಂಡೆ. ಯಾವುದೋ ಆಫೀಸಿನವರು ಬೇಡವೆಂದು ಬಿಸಾಡುತ್ತಿದ್ದ ಎರಡು ಹಳೆಯ ಕಂಪ್ಯೂಟರ್ ಮತ್ತು ಎರಡು ಮೋಡೆಮ್ ಕೇಳಿ ತಂದೆ. ಮೋಡೆಮ್ ಎಂದರೆ ಊಟದ ಡಬ್ಬಿಯಷ್ಟು ದೊಡ್ಡ, ಮುಂದೆ ಕೆಂಪು ದೀಪಗಳಿರುವ ಪೆಟ್ಟಿಗೆ; ಕಂಪ್ಯೂಟರಿನ ಅಕ್ಷರಗಳನ್ನು ಕಿರುಚಾಟವಾಗಿ ಮಾಡಿ ಫೋನಿನ ತಂತಿಯೊಳಗೆ ನೂಕುತ್ತದೆ, ಆ ಕಡೆಯ ಪೆಟ್ಟಿಗೆ ಕಿರುಚಾಟವನ್ನು ಮತ್ತೆ ಅಕ್ಷರ ಮಾಡುತ್ತದೆ. ಜನ ಅದನ್ನು ಇಂಟರ್ನೆಟ್ಟಿಗೆ ಹಾಕುತ್ತಿದ್ದರು. ನಾವು ಇಂಟರ್ನೆಟ್ಟಿನ ತಂಟೆಗೆ ಹೋಗಲಿಲ್ಲ. ಅವಳ ಪೆಟ್ಟಿಗೆ ನೇರವಾಗಿ ನನ್ನ ಪೆಟ್ಟಿಗೆಗೆ ಫೋನ್ ಮಾಡುತ್ತಿತ್ತು. ಅವಳು ಬಡಿದ ಅಕ್ಷರ ನನ್ನ ಪರದೆಯ ಮೇಲೆ, ನಾನು ಬಡಿದದ್ದು ಅವಳದರ ಮೇಲೆ. ಇಂಗ್ಲಿಷ್ ಅಕ್ಷರ, ಕನ್ನಡ ಮಾತು.

ನಾನು ಫೋನ್ ಮಾಡಿದರೆ ಅವಳಿಗೆ ಗೊತ್ತಾಗಲೆಂದು ಅಡುಗೆಮನೆಯ ಬಾಗಿಲ ಮೇಲೆ ಒಂದು ಬಲ್ಬು ಹಾಕಿಕೊಟ್ಟೆ, ಗಂಟೆ ಹೊಡೆದಾಗ ಮಿಣುಕುವ ಹಾಗೆ. ಅವಳು ಫೋನ್ ಮಾಡುವಾಗ ಅಂಗೈಯನ್ನು ಮೋಡೆಮ್ಮಿನ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಅದರೊಳಗೆ ಸಣ್ಣ ಸ್ಪೀಕರ್ ಇತ್ತು. ನನ್ನ ಮನೆಯಲ್ಲಿ ಗಂಟೆ ಹೊಡೆಯುತ್ತಿದ್ದರೆ ಅವಳ ಅಂಗೈಗೆ ಗುರ್ ಗುರ್ ಅನ್ನುತ್ತಿತ್ತು, ನಾನು ಎತ್ತಿದರೆ ಅದು ನಿಲ್ಲುತ್ತಿತ್ತು. ‘ನೀನು ಎತ್ತಿದ್ದು ನನಗೆ ಗೊತ್ತಾಗುತ್ತೆ ಕಣೋ’ ಎಂದು ಮೊದಲ ದಿನವೇ ಬಡಿದಳು. ಅಂದು ಅವಳಿಗೆ ಆದ ಖುಷಿಯನ್ನು ನಾನು ಮತ್ತೆ ಯಾರ ಮುಖದಲ್ಲೂ ನೋಡಿಲ್ಲ. ಮುಖವನ್ನು ಅಂದು ನೋಡಿರಲಿಲ್ಲ ಎನ್ನುವುದು ಬೇರೆ, ಪರದೆಯ ಮೇಲೆಯೇ ಕಾಣುತ್ತಿತ್ತು.

ಫೋನಿನಲ್ಲಿ ಮಾತಾಡುವುದಕ್ಕೂ ಒಂದು ರೀತಿ ಇದೆಯಲ್ಲ, ಅದನ್ನು ಅವಳಿಗೆ ಕಲಿಸಿಕೊಟ್ಟೆ. ಮಾತು ಮುಗಿದಾಗ ‘ಸರಿ, ಇಡ್ಲಾ?’ ಎಂದು ಕೇಳಬೇಕು. ಆ ಕಡೆಯವರು ‘ಇಡು’ ಎನ್ನಬೇಕು. ಆಮೇಲೆ ಇಡಬೇಕು. ಕೇಳದೆ ಇಟ್ಟರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಅವಳು ಇದನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ನಾನು ‘ಇಡು’ ಅನ್ನುವ ತನಕ ಇಡುತ್ತಲೇ ಇರಲಿಲ್ಲ. ನಾನು ಮರೆತು ಎದ್ದು ಹೋಗಿ ಅರ್ಧ ಗಂಟೆ ಬಿಟ್ಟು ಬಂದರೆ ‘ಇಡ್ಲಾ? ಇಡ್ಲಾ? ಲೋ, ಇಡ್ಲಾ?’ ಎಂದು ಪರದೆಯ ಉದ್ದಕ್ಕೂ ಇರುತ್ತಿತ್ತು.

ಇನ್ನೊಂದು ಕಲಿಸಿದ್ದು ನೋಟ್‌ಬುಕ್ಕು. ಎಕ್ಸ್‌ಚೇಂಜಿನಲ್ಲಿ ಪ್ರತಿ ಲೈನಿನ ದೂರನ್ನೂ ನಾವು ಬರೆದಿಡುತ್ತಿದ್ದೆವು. ಹಾಗೆಯೇ ನೀನೂ ಬರೆದಿಡು, ಲೈನು ಹೇಗಿತ್ತು ಅಂತ ಆಮೇಲೆ ನೋಡಬಹುದು ಎಂದು ಗೆರೆ ಹಾಕಿ ಕೊಟ್ಟೆ: ತಾರೀಕು, ಹೊತ್ತು, ಷರಾ. ಷರಾದ ಜಾಗದಲ್ಲಿ ಅವಳು ಬರೆಯುತ್ತಿದ್ದದ್ದು ‘ಲೈನು ಚೆನ್ನಾಗಿತ್ತು, ತಮ್ಮ ಬರೀ ಬೊಗಳೆ’, ‘ಇವತ್ತು ಸಿಡುಕ’, ‘ಹೆಂಡತಿ ಬೈದಿರಬೇಕು’ ಇಂಥವು. ಹೋದಾಗಲೆಲ್ಲ ತೆಗೆದು ಓದಿ ನಗುತ್ತಿದ್ದೆ.

ದಿನಾ ಸಂಜೆ ನಾಲ್ಕಕ್ಕೆ, ಕಾಫಿ ಕುಡಿದ ಮೇಲೆ, ನಮ್ಮ ಮಾತು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೂ ಅವಳು ಬಿಡಲಿಲ್ಲ. ಅವಳಿಗೂ ಒಂದು ಮೊಬೈಲ್ ತೆಗೆದುಕೊಟ್ಟಿದ್ದೆ. ಅದರಲ್ಲಿ ಹೂವಿನ ಚಿತ್ರ ಕಳಿಸುತ್ತಿದ್ದಳೇ ಹೊರತು ಮಾತಾಡುತ್ತಿರಲಿಲ್ಲ. ‘ಅದು ಕಾಗದ ಕಣೋ, ಫೋನಲ್ಲ. ನೀನು ಬರ್ದು, ತಿದ್ದಿ, ಬಟ್ಟೆ ಹಾಕ್ಸಿ ಕಳಿಸ್ತೀಯ. ಇದ್ರಲ್ಲಾದ್ರೆ ನೀನು ಅಳಿಸೋದೂ ಕಾಣುತ್ತೆ.’ ನಿಜ. ಒಂದೊಂದು ಅಕ್ಷರವೂ ಬಡಿದ ಕೂಡಲೇ ಆ ಕಡೆ ಕಾಣುತ್ತಿತ್ತು, ಹಿಂದೆ ಹೋಗಿ ಅಳಿಸಿದರೂ ಕಾಣುತ್ತಿತ್ತು. ನಾನು ಸುಳ್ಳು ಹೇಳುವ ಮೊದಲು ಎರಡು ಸಲ ಅಳಿಸುತ್ತೇನೆ ಎಂದು ಅವಳು ಕಂಡುಹಿಡಿದಿದ್ದಳು.

ಆಮೇಲೆ ರಸ್ತೆ ಅಗೆದರು. ಯಾರು, ಯಾತಕ್ಕೆ ಎಂದು ಕೇಳಬೇಡಿ, ನಮ್ಮ ಊರಿನಲ್ಲಿ ರಸ್ತೆ ಇರುವುದೇ ಅಗೆಯುವುದಕ್ಕೆ. ಹಲಸೂರಿನ ಕಡೆ ತಾಮ್ರದ ತಂತಿ ಮೇಲಿಂದ ಮೇಲೆ ತುಂಡಾಗತೊಡಗಿತು. ಅಕ್ಕ ವಾರಗಟ್ಟಲೆ ಮೂಕಳಾಗಿ ಕೂರುವಳು. ಅವಳ ಜೀವನದಲ್ಲಿ ಆ ಪದ ಹೊಂದುತ್ತಿದ್ದದ್ದು ಆ ವಾರಗಳಿಗೆ ಮಾತ್ರ. ಕಡೆಗೆ ತಾಮ್ರ ತೆಗೆದು ಗಾಜಿನ ತಂತಿ ಎಳೆದು, ಇಂಟರ್ನೆಟ್ ಮೂಲಕವೇ ಫೋನು ಕೊಡುತ್ತೇವೆ ಎಂದು ಹೇಳಿಕಳಿಸಿದರು. ಅಕ್ಕ ಬೇಡವೆಂದಳು.

‘ಅದೇ ನಂಬರ್, ಅದೇ ಫೋನ್ ಕಣಕ್ಕ, ತಂತಿ ಮಾತ್ರ ಹೊಸದು’ ಎಂದೆ ನಾನು.

ಅವಳು ನನ್ನ ಕೈಗಳನ್ನೇ ನೋಡಿದಳು. ಕೈಸನ್ನೆಯಲ್ಲಿ ಅಳಿಸಿದ್ದು ಕಾಣುವುದಿಲ್ಲ. ನನಗೆ ಒಳಗೇ ಅನುಮಾನವಿತ್ತು. ಇಷ್ಟು ವರ್ಷ ಫೋನಿನ ಅನ್ನ ತಿಂದವನಿಗೆ ಇರದೆ ಏನು? ಆದರೂ ನಡೆಯಬಹುದು ಅಂದುಕೊಂಡೆ. ಅವಳ ಲೈನು, ನನ್ನ ಲೈನು ಎರಡನ್ನೂ ಒಂದೇ ವಾರದಲ್ಲಿ ಬದಲಾಯಿಸಿಕೊಂಡೆವು.

ಹೊಸ ತಂತಿ ಎಳೆಯುವ ಕೆಲಸಕ್ಕೆ ಬಂದ ಹುಡುಗಿ ಚೂಟಿ. ಅಕ್ಕನ ಮನೆಯ ಗೋಡೆಗೆ ಬಿಳಿಯ ಪೆಟ್ಟಿಗೆ ಹೊಡೆದು, ಮೋಡೆಮ್ ನೋಡಿ, ‘ಅಂಕಲ್, ಇದು ಇನ್ನೂ ಇದ್ಯಾ? ಹೊಸ ಲೈನ್ ಮೇಲೆ ಇದು ಓಡೋದು ಡೌಟು’ ಅಂದಳು. ನಾನು, ‘ನೀನು ಹುಟ್ಟೋಕ್ಕೆ ಮುಂಚೆಯಿಂದ ಓಡ್ತಿದೆಯಮ್ಮ’ ಎಂದು ಬಾಯಿ ಮುಚ್ಚಿಸಿದೆ. ತಿಳಿದವನೆಂಬ ಜಂಭ ಒಂದಿತ್ತಲ್ಲ.

ಕೆ.ಆರ್. ಪುರಕ್ಕೆ ಬಂದು ಫೋನ್ ಮಾಡಿದೆ. ಬಲ್ಬು ಮಿಣುಕಿರಬೇಕು, ಅವಳ ಪೆಟ್ಟಿಗೆ ಎತ್ತಿತು. ಎರಡೂ ಪೆಟ್ಟಿಗೆಗಳು ಕಿರುಚಿದವು, ಲೈನು ಕಡಿದುಬಿತ್ತು. ಮತ್ತೆ ಮಾಡಿದೆ, ಮತ್ತೆ ಬಿತ್ತು. ವೇಗ ಇಳಿಸುತ್ತ ಇಳಿಸುತ್ತ ತೀರ ಕೆಳಗಿನದಕ್ಕೆ ತಂದಾಗ ಹೇಗೋ ಹಿಡಿಯಿತು. ಅಕ್ಷರಗಳು ಇರುವೆ ಸಾಲಿನ ಹಾಗೆ ಬಂದವು, ನಡುನಡುವೆ ಕಸ. ‘ಕಾಫಿ ಆಯ್ತಾ’ ಎಂದು ಅವಳು ಬಡಿದದ್ದರಲ್ಲಿ ಕಾಫಿ ಇರಲಿಲ್ಲ. ನಾನು ಬಡಿದದ್ದೂ ಹಾಗೇ ಹೋಗಿರಬೇಕು, ‘ಕುಡಿದಿದ್ದೀಯಾ?’ ಎಂದು ಅವಳು ಕೇಳಿದ್ದು ಮಾತ್ರ ಹೇಗೋ ಓದಲು ಸಿಕ್ಕಿತು. ನಕ್ಕೆ. ನಕ್ಕು ಮುಗಿಯುವಷ್ಟರಲ್ಲಿ ಪರದೆಯ ತುಂಬ ಕಸ ಸುರಿಯಿತು. ಅದರ ಕೊನೆಗೆ ಒಂದೇ ಒಂದು ಪದ, ಒಂದಕ್ಷರವೂ ಕೆಡದೆ ಬಂತು: ‘ಇಡ್ಲಾ?’

ನಾನು ಮೊದಲ ಅಕ್ಷರ ಒತ್ತಿದೆ. ಲೈನು ಬಿತ್ತು. ಅಂದು ಸಂಜೆಯೆಲ್ಲ ಪ್ರಯತ್ನ ಪಟ್ಟೆ, ಮತ್ತೆ ಹಿಡಿಯಲಿಲ್ಲ. ಆ ದಿನ ಅಂತಲ್ಲ, ಮತ್ತೆಂದೂ ಹಿಡಿಯಲಿಲ್ಲ.

ಕಾರಣ ನನಗೆ ಗೊತ್ತು. ತಾಮ್ರದ ತಂತಿ ಪೆದ್ದು. ಈ ಕಡೆ ಏನು ಹಾಕಿದರೂ ಆ ಕಡೆ ಹಾಗೆಯೇ ಕೊಡುತ್ತದೆ: ಮಾತು, ಕೆಮ್ಮು, ಮಳೆಗಾಲದ ಗೊರಗೊರ, ಮೋಡೆಮ್ಮಿನ ಕಿರುಚಾಟ. ಇಂಟರ್ನೆಟ್ ಫೋನು ಬುದ್ಧಿವಂತ. ದನಿಯನ್ನು ಚೂರು ಚೂರು ಮಾಡಿ, ಪೊಟ್ಟಣ ಕಟ್ಟಿ ಕಳಿಸುತ್ತದೆ. ದಾರಿಯಲ್ಲಿ ಒಂದೆರಡು ಕಳೆದುಹೋದರೆ ಪಕ್ಕದ ಚೂರು ನೋಡಿ ಅಂದಾಜಿನಲ್ಲಿ ತುಂಬಿಸುತ್ತದೆ. ಮನುಷ್ಯರ ಮಾತಲ್ಲ ಎಂದು ತೋರಿದ್ದನ್ನು ಗದ್ದಲವೆಂದು ಬಿಟ್ಟುಬಿಡುತ್ತದೆ. ಬಾಯಲ್ಲಿ ಮಾತಾಡುವ ನಮಗೆ ಇದು ಧಾರಾಳ ಸಾಕು, ನಾವು ಅರ್ಧ ಕೇಳಿ ಉಳಿದದ್ದನ್ನು ಊಹಿಸಿಕೊಳ್ಳುವವರೇ. ಅಕ್ಕನ ಮಾತು ಮಾತ್ರ ಆ ಫೋನಿನ ಲೆಕ್ಕದಲ್ಲಿ ಗದ್ದಲ.

ಇದನ್ನು ಅವಳಿಗೆ ನೇರವಾಗಿ ಹೇಳಬೇಕಿತ್ತು. ನನ್ನಿಂದ ತಪ್ಪಾಯಿತು, ನಿನ್ನ ಫೋನು ಹೋಯಿತು, ಇನ್ನು ಬರುವುದಿಲ್ಲ ಎಂದು. ಧೈರ್ಯ ಬರಲಿಲ್ಲ. ‘ನೋಡ್ತೀನಿ’ ಅಂದೆ. ಬೆಂಗಳೂರಿನಲ್ಲಿ ‘ನೋಡ್ತೀನಿ’ ಎಂದರೆ ಏನೆಂದು ಕಿವಿ ಕೇಳುವ ಎಲ್ಲರಿಗೂ ಗೊತ್ತು. ಆಗುವುದಿಲ್ಲ ಎಂಬುದನ್ನು ನಾವು ಹೇಳುವ ಮರ್ಯಾದೆಯ ರೀತಿ ಅದು. ಆದರೆ ನಾನು ಹೇಳಿದ್ದು ಎರಡು ಬೆರಳನ್ನು ಕಣ್ಣಿನಿಂದ ಆ ಪೆಟ್ಟಿಗೆಯ ಕಡೆಗೆ ತೋರಿಸಿ. ಕೈಯಲ್ಲಿ ಆ ಮಾತಿಗೆ ಒಂದೇ ಅರ್ಥ. ನೋಡುತ್ತೇನೆ ಎಂದರೆ ನೋಡುತ್ತೇನೆ. ಅವಳು ತಲೆಯಾಡಿಸಿ ಕಾಯುತ್ತ ಕೂತಳು.

ನಾನು ಒಂದು ತಿಂಗಳ ನಂತರ ನನ್ನ ಮೋಡೆಮ್ ಬಿಚ್ಚಿ, ಶಿವಾಜಿನಗರದ ಗುಜರಿಯವನಿಗೆ ಹಳೆಯ ಮಿಕ್ಸಿಯ ಜೊತೆಗೆ ಹಾಕಿಬಂದೆ. ಆ ಜಾಗದಲ್ಲಿ ಒಂದು ಮಾಮೂಲಿ ಫೋನು ಸಿಕ್ಕಿಸಿದೆ. ಅಕ್ಕನಿಗೆ ಹೇಳಲಿಲ್ಲ.

ಆಮೇಲೆ ಆ ಫೋನಿಗೆ ಖಾಲಿ ಕರೆಗಳು ಬರತೊಡಗಿದವು. ಎತ್ತಿ ಹಲೋ ಅಂದರೆ ಆ ಕಡೆ ಏನೂ ಇಲ್ಲ. ಅದು ಹಳೆಯ ಫೋನು, ನಂಬರ್ ತೋರಿಸುತ್ತಿರಲಿಲ್ಲ. ಹೆಂಡತಿ ಎತ್ತಿದರೆ, ‘ಮತ್ತೆ ಅದೇ ರೀ, ಯಾವನೋ ಉಸಿರೂ ಬಿಡಲ್ಲ’ ಎಂದು ಬೈದುಕೊಂಡು ಇಡುತ್ತಿದ್ದಳು. ಬಹಳ ಸಲ ಎತ್ತಿದವನು ನಾನೇ. ‘ಹಲೋ, ಹಲೋ’ ಎಂದು ಎರಡು ಸಲ ಅಂದು ಇಡುತ್ತಿದ್ದೆ. ಎಲ್ಲ ಸಂಜೆ ನಾಲ್ಕರ ಸುಮಾರಿಗೆ. ಆಗಲೂ ನನಗೆ ಹೊಳೆಯಲಿಲ್ಲ. ಆ ಹೊತ್ತಿಗೆ ಸಾಲ ಬೇಕಾ, ಸೈಟು ಬೇಕಾ ಎಂದು ಕೇಳುವವರೂ ಫೋನ್ ಮಾಡುತ್ತಾರೆ, ಅವರದೇ ಯಂತ್ರ ಇರಬೇಕೆಂದುಕೊಂಡೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಕರೆಯುವ ಮೋಡೆಮ್ ಆ ಕಡೆಯ ಮೋಡೆಮ್ ಸಿಳ್ಳೆ ಹಾಕುವ ತನಕ ಸುಮ್ಮನೆ ಕಾಯುತ್ತದೆ ಎಂದು ಎಷ್ಟೋ ಜನಕ್ಕೆ ಪಾಠ ಹೇಳಿದವನು ನಾನು.

ಯುಗಾದಿಗೆ ಹೋದಾಗ ಅಕ್ಕ ಒಬ್ಬಟ್ಟು ಬಡಿಸಿದಳು, ತುಪ್ಪ ಹಾಕಿದಳು. ನಾನು ಕೈಯೆತ್ತಿ ಏನೋ ಹೇಳಹೊರಟರೆ ಕಣ್ಣು ಮುಚ್ಚಿಕೊಂಡಳು. ಹಳೆಯ ಕಂಪ್ಯೂಟರ್ ಇನ್ನೂ ಮೂಲೆಯಲ್ಲಿತ್ತು, ಮೇಲೆ ಧೂಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ಅವಳು ಕೇಳುವ ಮೊದಲೇ ಮತ್ತೆ ಎರಡು ಬೆರಳು ಪೆಟ್ಟಿಗೆಯ ಕಡೆ ತೋರಿಸಿದೆ. ನೋಡ್ತೀನಿ. ಅವಳು ಕಣ್ಣು ಬಿಟ್ಟಿದ್ದರೆ ತಾನೆ. ತಂತಿ ಬದಲಾಯಿಸಿದ ಸಿಟ್ಟು ಇನ್ನೂ ಹೋಗಿಲ್ಲ ಅಂದುಕೊಂಡು ವಾಪಸು ಬಂದೆ. ಆಮೇಲೆ ಹೋಗುವುದು ಕಡಿಮೆಯಾಯಿತು. ಕಾರಣಕ್ಕೇನು, ಕೆ.ಆರ್. ಪುರದ ತೂಗುಸೇತುವೆಯ ಟ್ರಾಫಿಕ್ಕು ಇದ್ದೇ ಇತ್ತು.

ಆಷಾಢದಲ್ಲಿ ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಕುಸಿದಳಂತೆ. ಆಸ್ಪತ್ರೆಗೆ ತಲುಪುವಷ್ಟರಲ್ಲಿ ಮುಗಿದಿತ್ತು. ನಾನು ಹೋದಾಗ ಅವಳ ಕಣ್ಣು ಮುಚ್ಚಿತ್ತು.

ತಿಥಿಯೆಲ್ಲ ಮುಗಿದ ಮೇಲೆ ಭಾವ ನನ್ನನ್ನು ಕರೆದು ಆ ನೋಟ್‌ಬುಕ್ ಕೈಗಿಟ್ಟರು. ನಿನ್ನದು, ತೆಗೆದುಕೋ ಎಂಬಂತೆ ನನ್ನ ಎದೆ ಮುಟ್ಟಿದರು. ನಾನು ಹಳೆಯ ಬೊಗಳೆ, ಸಿಡುಕ ಎಲ್ಲ ಓದಿ ಸ್ವಲ್ಪ ನಗೋಣ, ಸ್ವಲ್ಪ ಅಳೋಣ ಅಂದುಕೊಂಡು ತೆರೆದೆ. ಲೈನು ಬದಲಾದ ದಿನದ ಷರಾ: ‘ಇಡು ಅನ್ನಲಿಲ್ಲ. ಲೈನು ಬಿತ್ತು.’ ಅಲ್ಲಿಗೆ ಮುಗಿದಿರುತ್ತದೆ ಅಂದುಕೊಂಡು ಹಾಳೆ ತಿರುಗಿಸಿದೆ. ಮುಗಿದಿರಲಿಲ್ಲ. ತಾರೀಕು, ನಾಲ್ಕು ಗಂಟೆ, ‘ಯಾರೂ ಎತ್ತಲಿಲ್ಲ’. ತಾರೀಕು, ನಾಲ್ಕು ಗಂಟೆ, ‘ಎತ್ತಿದ. ಎರಡು ಸಲ ನಡುಗಿತು. ಕೇಳಲಿಲ್ಲ. ಇಟ್ಟ.’ ಮರುದಿನ ಅದೇ. ಅದರ ಮರುವಾರ ಅದೇ. ಹಾಳೆ ತಿರುಗಿಸಿದಷ್ಟೂ ಆ ದುಂಡು ಅಕ್ಷರಗಳು: ‘ಎತ್ತಿದ. ಎರಡು ಸಲ ನಡುಗಿತು. ಕೇಳಲಿಲ್ಲ. ಇಟ್ಟ.’

ಎರಡು ಸಲ ನಡುಗಿದ್ದು ಏನು ಎಂದು ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ಮೋಡೆಮ್ಮಿನ ಸ್ಪೀಕರ್ ನೆನಪಾಯಿತು, ಅದರ ಮೇಲಿನ ಅವಳ ಅಂಗೈ ನೆನಪಾಯಿತು. ಅದು ನನ್ನ ‘ಹಲೋ, ಹಲೋ’. ನಾನು ಹುಟ್ಟಿದಾಗಿನಿಂದ ನನ್ನ ದನಿ ಕೇಳದ ನನ್ನ ಅಕ್ಕ ದಿನಾ ಸಂಜೆ ನಾಲ್ಕಕ್ಕೆ ಅದನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಕಿವಿ ಇರುವವರಿಗೆ ಎಲ್ಲವೂ ಕೇಳುತ್ತದೆ ಎಂದು ಅವಳು ಚಿಕ್ಕಂದಿನಿಂದ ನಂಬಿದ್ದಳು. ತಾನು ಕರೆಯುತ್ತಿರುವುದು ನನಗೆ ಕೇಳಿಯೇ ಇರುತ್ತದೆ ಎಂದುಕೊಂಡಿದ್ದಳು.

‘ಕೇಳಲಿಲ್ಲ’ ಎಂಬ ಪದದ ಮೇಲೆ ಬೆರಳಿಟ್ಟು ಭಾವನ ಮುಖ ನೋಡಿದೆ. ನಮ್ಮ ಕನ್ನಡದಲ್ಲಿ ಅದಕ್ಕೆ ಎರಡು ಅರ್ಥ. ಕಿವಿಗೆ ಬೀಳಲಿಲ್ಲ ಎಂದೂ ಆಗುತ್ತದೆ, ಪ್ರಶ್ನೆ ಮಾಡಲಿಲ್ಲ ಎಂದೂ ಆಗುತ್ತದೆ. ಆದರೆ ಕೈಸನ್ನೆಯಲ್ಲಿ ಎರಡೂ ಬೇರೆ ಬೇರೆ. ನಾನು ಕಿವಿ ಮುಟ್ಟಿ ತೋರಿಸಿದೆ, ‘ಇದಾ?’ ಎಂದು. ತಮ್ಮನಿಗೆ ಕೇಳಿಸಲಿಲ್ಲ ಪಾಪ, ಎಂದು ಬರೆದಿದ್ದಳೆಂದು ಭಾವ ಹೇಳಲಿ ಎಂದು ದೇವರಾಣೆಗೂ ಬೇಡಿಕೊಂಡೆ.

ಭಾವ ಸಾಧು ಮನುಷ್ಯ, ಆದರೆ ಸುಳ್ಳು ಹೇಳಲು ಬಾರದವರು. ತುಟಿಯ ಹತ್ತಿರದಿಂದ ಬೆರಳನ್ನು ಮುಂದೆ ತಂದು, ನನ್ನ ಕಡೆಗೆ ಬಗ್ಗಿಸಿದರು. ಕೇಳುವುದು ಎಂದರೆ ಪ್ರಶ್ನೆ ಮಾಡುವುದು. ಆಮೇಲೆ ಗಾಳಿಯಲ್ಲಿ ಫೋನು ಹಿಡಿದು, ಕೆಳಗಿಟ್ಟು, ಅವಳಂತೆಯೇ ಹುಬ್ಬು ಏರಿಸಿದರು. ಇಡ್ಲಾ ಎಂದು ನಾನು ಕೇಳಲಿಲ್ಲ. ಕೇಳದೆ ಇಟ್ಟೆ. ಪ್ರತಿ ಸಲವೂ.

ಗುಜರಿಯಲ್ಲಿ ಎರಡು ದಿನ ಹುಡುಕಿದೆ, ಮೋಡೆಮ್ ಸಿಗಲಿಲ್ಲ. ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ. ಆ ಫೋನನ್ನು ಮಾತ್ರ ಬಿಡದೆ ಇಟ್ಟುಕೊಂಡಿದ್ದೇನೆ. ಖಾಲಿ ಕರೆಗಳು ಈಗಲೂ ಒಮ್ಮೊಮ್ಮೆ ಬರುತ್ತವೆ. ಇವು ನಿಜವಾಗಿಯೂ ಸಾಲದವರ ಯಂತ್ರದ್ದೇ ಎಂದು ನನಗೆ ಗೊತ್ತು. ಎತ್ತಿ, ‘ಹಲೋ, ಹಲೋ’ ಅನ್ನುತ್ತೇನೆ. ಆ ಕಡೆ ಏನೂ ಇಲ್ಲದಾಗ, ‘ಸರಿ, ಇಡ್ಲಾ?’ ಎಂದು ಕೇಳುತ್ತೇನೆ.

‘ಯಾರ್ ರೀ ಅದು?’ ಎನ್ನುತ್ತಾಳೆ ಹೆಂಡತಿ ಒಳಗಿನಿಂದ.

ಯಾರೂ ಇಲ್ಲ ಅನ್ನುತ್ತೇನೆ. ಆದರೂ ಇಡುವುದಿಲ್ಲ. ‘ಇಡು’ ಅನ್ನುವವರು ಆ ಕಡೆ ಯಾರೂ ಇಲ್ಲವಲ್ಲ, ಲೈನು ತಾನಾಗಿಯೇ ಬೀಳುವ ತನಕ ಹಿಡಿದುಕೊಂಡೇ ನಿಂತಿರುತ್ತೇನೆ.